ಅವಿಶ್ವಾಸ ಗೊತ್ತುವಳಿ ಕುರಿತ ಒಂದು ದಿನದ ತರಬೇತಿ ಶಿಬಿರ: ಏನು ಕಲಿಸುತ್ತದೆ, ಏನನ್ನು ಬಿಡುತ್ತದೆ

ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಎಂದ ಕೂಡಲೇ ನೆನಪಾಗುವುದು ಉದ್ಯೋಗ ಖಾತರಿ, ತೆರಿಗೆ ವಸೂಲಿ, ಕುಡಿಯುವ ನೀರು, ಹಣಕಾಸು ಆಯೋಗದ ಅನುದಾನ ಮುಂತಾದ ವಿಷಯಗಳು. ತಾವೇ ಆರಿಸಿದ ಅಧ್ಯಕ್ಷರ ಮೇಲಿನ ವಿಶ್ವಾಸವನ್ನು ಸದಸ್ಯರು ಕಾನೂನುಬದ್ಧವಾಗಿ ಹಿಂಪಡೆಯುವುದು ಹೇಗೆ ಎಂಬುದನ್ನು ಕೂರಿಸಿ ಹೇಳಿಕೊಡುವವರು ಅಪರೂಪ. ಹೀಗಾಗಿ ಬಹಳಷ್ಟು ಕಡೆ ಈ ಕೆಲಸ ಕೋಪದಲ್ಲಿ ಶುರುವಾಗಿ, ಯಾರದೋ ಮನೆಯ ಜಗಲಿಯಲ್ಲಿ ಸಹಿ ಸಂಗ್ರಹವಾಗಿ, ದೇವರ ಮುಂದೆ ಆಣೆ ಪ್ರಮಾಣವಾಗಿ, ಕೊನೆಗೆ ತಾಂತ್ರಿಕ ಕಾರಣವೊಂದರಿಂದ ಹೈಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಊರು ಎರಡು ಪಾಲಾಗಿರುತ್ತದೆ. ಈ ಒಂದೇ ವಿಷಯವನ್ನು ಇಟ್ಟುಕೊಂಡು ಸ್ವಯಂಸೇವಾ ಸಂಸ್ಥೆಯೊಂದು ನಮ್ಮ ತಾಲ್ಲೂಕು ಕೇಂದ್ರದಲ್ಲಿ ಇಡೀ ದಿನದ ಶಿಬಿರ ನಡೆಸಿತು. ಅದರಲ್ಲಿ ಭಾಗವಹಿಸಿದ ಸದಸ್ಯನಾಗಿ, ಮುಂದೆ ಇಂತಹ ಶಿಬಿರಕ್ಕೆ ಹೆಸರು ಕೊಡಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬೆಳಗಿನ ಅವಧಿ ಪೂರ್ತಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 49ನೇ ಪ್ರಕರಣಕ್ಕೆ (ಸೆಕ್ಷನ್) ಮೀಸಲಾಗಿತ್ತು. ತರಬೇತಿ ಕೊಟ್ಟವರು ನಿವೃತ್ತ ಅಧಿಕಾರಿಗಳು. ಪ್ರಕರಣವನ್ನು ಓದಿ ಮುಗಿಸುವ ಬದಲು ಪ್ರತಿಯೊಬ್ಬರಿಗೂ ಅವರವರ ಪಂಚಾಯಿತಿಯ ಒಟ್ಟು ಸದಸ್ಯರ ಸಂಖ್ಯೆಯನ್ನು ಬರೆದುಕೊಳ್ಳಲು ಹೇಳಿದರು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಲೆಕ್ಕ ಹಾಕುವುದರಿಂದ ಈ ಸಂಖ್ಯೆ ಪಂಚಾಯಿತಿಯಿಂದ ಪಂಚಾಯಿತಿಗೆ ಬದಲಾಗುತ್ತದೆ. ನಂತರ ಎರಡು ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಮೊದಲನೆಯದು, ಗೊತ್ತುವಳಿ ಮಂಡಿಸುವ ಉದ್ದೇಶದ ನೋಟಿಸಿಗೆ ಬೇಕಾದ ಸಹಿಗಳು, ಅಂದರೆ ಒಟ್ಟು ಸದಸ್ಯರ ಅರ್ಧಕ್ಕೆ ಕಡಿಮೆಯಿಲ್ಲದಷ್ಟು. ಎರಡನೆಯದು, ಗೊತ್ತುವಳಿ ಅಂಗೀಕಾರಕ್ಕೆ ಬೇಕಾದ ಮತಗಳು, ಅಂದರೆ ಒಟ್ಟು ಸದಸ್ಯರ ಮೂರನೇ ಎರಡಕ್ಕೆ ಕಡಿಮೆಯಿಲ್ಲದಷ್ಟು. ಹದಿನೇಳು ಸದಸ್ಯರ ಪಂಚಾಯಿತಿಯಲ್ಲಿ ಸಹಿಗೆ 9 ಜನ ಸಾಕು, ಆದರೆ ಅಧ್ಯಕ್ಷರನ್ನು ಇಳಿಸಲು 12 ಜನ ಬೇಕು. ಮೂರನೇ ಎರಡು ಎಂದರೆ 11ಕ್ಕಿಂತ ಸ್ವಲ್ಪ ಹೆಚ್ಚಾಗುವುದರಿಂದ 11 ಮತಗಳು ಸಾಲುವುದಿಲ್ಲ. ಈ ಒಂದು ಮತದ ಅಂತರವನ್ನು ಸರಿಯಾಗಿ ಎಣಿಸದೆ ಹೊರಟವರ ಉದಾಹರಣೆಗಳು ಸಭಾಂಗಣದ ಮೂಲೆ ಮೂಲೆಯಿಂದ ಕೇಳಿಬಂದವು.

ಯಾವಾಗ ಬೇಕಾದರೂ ನೋಟಿಸು ಕೊಡಲು ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿದರು. ಈಗಿರುವ ಕಾನೂನಿನಂತೆ ಅಧ್ಯಕ್ಷರು ಅಥವಾ ಉಪಾಧ್ಯಕ್ಷರು ಆಯ್ಕೆಯಾದ ದಿನದಿಂದ 15 ತಿಂಗಳ ಒಳಗೆ ಅವಿಶ್ವಾಸ ಗೊತ್ತುವಳಿ ತರುವಂತಿಲ್ಲ. ಅಧಿಕಾರಾವಧಿ ಐದು ವರ್ಷವಾಗಿದ್ದಾಗ ಈ ರಕ್ಷಣೆ 30 ತಿಂಗಳದ್ದಾಗಿತ್ತು. ಅವಧಿ 30 ತಿಂಗಳಿಗೆ ಇಳಿದ ಮೇಲೆ ರಕ್ಷಣೆಯ ಅವಧಿಯೂ ಅರ್ಧಕ್ಕೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಇದು ಕಾಯ್ದೆಯ ಅತ್ಯಂತ ವಿವೇಕದ ಭಾಗ. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ, ಅದರಲ್ಲೂ ಮೊದಲ ಬಾರಿಗೆ ಗೆದ್ದು ಮೀಸಲಾತಿಯ ಮೂಲಕ ಅಧ್ಯಕ್ಷರಾದವರಿಗೆ, ಕಡತಗಳನ್ನು ಅರ್ಥ ಮಾಡಿಕೊಳ್ಳಲಿಕ್ಕೇ ಒಂದು ವರ್ಷ ಬೇಕಾಗುತ್ತದೆ.

ಶಿಬಿರದ ನಿಜವಾದ ಬೆಲೆ ಇರುವುದು ದಿನಗಳ ಲೆಕ್ಕ ಹೇಳಿಕೊಟ್ಟ ಅವಧಿಯಲ್ಲಿ. ಈ ಕಾಯ್ದೆಯ ಕೆಳಗಿನ 1994ರ ನಿಯಮಗಳ ಪ್ರಕಾರ ಸಹಿ ಮಾಡಿದವರಲ್ಲಿ ಇಬ್ಬರು ಖುದ್ದಾಗಿ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ, ನಮೂನೆ 1ರಲ್ಲಿರುವ ನೋಟಿಸನ್ನೂ ಗೊತ್ತುವಳಿಯ ಪ್ರತಿಯನ್ನೂ ತಲುಪಿಸಬೇಕು. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಗೆ ಕೊಟ್ಟು ಬಂದರೆ ಆಗದು, ಅಂಚೆಯಲ್ಲಿ ಕಳುಹಿಸಿದರೂ ಆಗದು. ಹಾಗೆ ತಲುಪಿದ ದಿನದಿಂದ 30 ದಿನ ಮೀರದಂತೆ ಉಪವಿಭಾಗಾಧಿಕಾರಿಗಳು ಪಂಚಾಯಿತಿ ಕಚೇರಿಯಲ್ಲಿಯೇ ಸಭೆ ಕರೆಯಬೇಕು, ಮತ್ತು ಆ ಸಭೆಯ ತಿಳುವಳಿಕೆ ಪತ್ರ ಸದಸ್ಯರಿಗೆ 15 ಪೂರ್ಣ ದಿನಗಳ ಮುಂಚೆ ನಮೂನೆ 2ರಲ್ಲಿ ತಲುಪಿರಬೇಕು. ಕಾಯ್ದೆಯಲ್ಲಿ 10 ದಿನಗಳ ಮಾತಿದೆ, ನಿಯಮದಲ್ಲಿ 15 ದಿನಗಳ ಮಾತಿದೆ; ಮೊದಲನೆಯದು ಗೊತ್ತುವಳಿ ತರುವ ಉದ್ದೇಶವನ್ನು ತಿಳಿಸುವುದಕ್ಕೆ, ಎರಡನೆಯದು ಸಭೆಯನ್ನು ತಿಳಿಸುವುದಕ್ಕೆ. ಇವೆರಡನ್ನೂ ಒಂದೇ ಎಂದುಕೊಂಡು ಗೊಂದಲಕ್ಕೆ ಬೀಳುವವರೇ ಹೆಚ್ಚು.

ತರಬೇತುದಾರರು ಹಲಗೆಯ ಮೇಲೆ ಒಂದು ತಿಂಗಳ ಕ್ಯಾಲೆಂಡರ್ ಬರೆದರು. ಒಂದನೇ ತಾರೀಖು ನೋಟಿಸು ಉಪವಿಭಾಗಾಧಿಕಾರಿಗಳ (ಎ.ಸಿ.) ಕಚೇರಿಗೆ ಬಂದಿದೆ ಎಂದುಕೊಳ್ಳಿ ಎಂದು ಹೇಳಿ, ಸದಸ್ಯರೊಬ್ಬರಿಗೆ ಸಭೆಯ ತಿಳುವಳಿಕೆ ಪತ್ರ 10ನೇ ತಾರೀಖು ಸಿಕ್ಕಿದರೆ ಸಭೆ ಎಂದು ನಡೆಯಬಹುದು ಎಂದು ಕೇಳಿದರು. ಬಹುತೇಕರು 25 ಎಂದರು. ಪತ್ರ ತಲುಪಿದ ದಿನವೂ ಲೆಕ್ಕಕ್ಕಿಲ್ಲ, ಸಭೆ ನಡೆಯುವ ದಿನವೂ ಲೆಕ್ಕಕ್ಕಿಲ್ಲ. ನಡುವೆ ಪೂರ್ಣ 15 ದಿನಗಳು ಇರಬೇಕು. 11ರಿಂದ 25ರವರೆಗೆ ಆ ದಿನಗಳು ಮುಗಿಯುವುದರಿಂದ 26ನೇ ತಾರೀಖಿಗೆ ಮುಂಚೆ ಸಭೆ ನಡೆದರೆ ತಕರಾರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. 31ನೇ ತಾರೀಖು ಕೊನೆಯ ದಿನವಾದರೆ, ಎಲ್ಲ ಸದಸ್ಯರ ಕೈಗೂ ಪತ್ರ 15ನೇ ತಾರೀಖಿನೊಳಗೆ ಸೇರಿರಲೇಬೇಕು. ಆ ಹೊತ್ತಿಗೆ ಒಬ್ಬ ಸದಸ್ಯರು ಊರಲ್ಲಿಲ್ಲದಿದ್ದರೆ, ಪತ್ರವನ್ನು ಮನೆಯಲ್ಲಿ ಯಾರು ಪಡೆದರು, ಸ್ವೀಕೃತಿಯ ಮೇಲೆ ಯಾರ ಸಹಿ ಇದೆ ಎಂಬ ಪ್ರಶ್ನೆಗಳೆಲ್ಲ ಎದ್ದು ನಿಲ್ಲುತ್ತವೆ. ಇಷ್ಟು ಸ್ಪಷ್ಟವಾಗಿ ಈ ಲೆಕ್ಕವನ್ನು ನನಗೆ ಬೇರೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಒಂದು ಅವಧಿಗಾಗಿಯೇ ಶಿಬಿರಕ್ಕೆ ಹೋಗಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ.

ಮುಂಚಿತ ತಿಳುವಳಿಕೆಯ ದಿನಗಳು ಕಡ್ಡಾಯವೇ ಅಥವಾ ಕೇವಲ ಮಾರ್ಗದರ್ಶಕವೇ ಎಂಬ ಜಗಳ ಹಳೆಯದು. 1960ರ ದಶಕದಲ್ಲಿಯೇ ಅಂದಿನ ಮೈಸೂರು ರಾಜ್ಯದ ಪುರಸಭೆಯೊಂದರ ಅಧ್ಯಕ್ಷರ ವಿರುದ್ಧದ ಅವಿಶ್ವಾಸ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮೂರು ಪೂರ್ಣ ದಿನಗಳ ನೋಟಿಸು ಕೊಡಬೇಕೆಂಬ ನಿಯಮ ಅಲ್ಲಿ ಪಾಲನೆಯಾಗಿರಲಿಲ್ಲ. ಆದರೂ ಅದರಿಂದ ಸಭೆಯ ನಡಾವಳಿಗೆ ಬಾಧಕವಾಗದೆ ಇದ್ದಲ್ಲಿ ನಿರ್ಣಯ ಅಸಿಂಧುವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಆ ತೀರ್ಪು ಬೇರೆ ಕಾಯ್ದೆಯ ಕೆಳಗೆ ಬಂದದ್ದು. ಅದನ್ನು ನೆಚ್ಚಿಕೊಂಡು ಪಂಚಾಯಿತಿಯಲ್ಲಿ ದಿನ ಕಡಿತ ಮಾಡಬಾರದು ಎಂದು ತರಬೇತುದಾರರು ಎಚ್ಚರಿಸಿದ್ದು ಸರಿಯಾಗಿತ್ತು.

ಮಧ್ಯಾಹ್ನದ ಅಣಕು ಸಭೆ ಶಿಬಿರದ ಎರಡನೇ ಬಲ. ಹದಿನೇಳು ಕುರ್ಚಿಗಳನ್ನು ಹಾಕಿ, ಒಬ್ಬರನ್ನು ಉಪವಿಭಾಗಾಧಿಕಾರಿಯಾಗಿ ಕೂರಿಸಿ, ಹಾಜರಾತಿ ಪುಸ್ತಕ, ನಡವಳಿ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟರು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ ಕೂಡ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಆಗಿರುವುದರಿಂದ ಹನ್ನೆರಡನೆಯವರ ಸಹಿ ಬೀಳುವ ತನಕ ಸಭೆ ಶುರುವಾಗಲಿಲ್ಲ. ಬೇಕೆಂದೇ ಒಬ್ಬರನ್ನು ಹೊರಗೆ ನಿಲ್ಲಿಸಿದ್ದರು. ಅವರು ಬಾಗಿಲಲ್ಲಿ ನಿಂತು ಒಳಗೆ ಬರುವುದೋ ಬೇಡವೋ ಎಂದು ನೋಡುತ್ತಿದ್ದಾಗ ಒಳಗಿದ್ದ ಹನ್ನೊಂದು ಜನರ ಮುಖಗಳಲ್ಲಿ ಕಂಡ ಆತಂಕ ನಟನೆಯಾಗಿರಲಿಲ್ಲ. ಕೋರಂ ಸೇರದೆ ಹೋದರೆ ಸಭೆಯನ್ನು ಇನ್ನೊಂದು ದಿನಕ್ಕೆ ಮುಂದೂಡಲು ಬರುವುದಿಲ್ಲ. ಸಭೆ ಅಲ್ಲಿಗೆ ಮುಗಿಯುತ್ತದೆ, ನೋಟಿಸೂ ಅಲ್ಲಿಗೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದರೆ ಮಾತ್ರ ಮುಂದೂಡಿಕೆ.

ಇಲ್ಲಿಯೇ ನನಗೆ ಈ ವ್ಯವಸ್ಥೆಯ ಒಳಗುಟ್ಟು ಅರ್ಥವಾದದ್ದು. ವಿಧಾನಸಭೆಯಲ್ಲಿಯೂ ಲೋಕಸಭೆಯಲ್ಲಿಯೂ ಹಾಜರಿದ್ದು ಮತ ಹಾಕಿದವರ ಬಹುಮತವನ್ನು ಎಣಿಸುತ್ತಾರೆ. ಆದ್ದರಿಂದ ಅಲ್ಲಿ ಆಡಳಿತ ಪಕ್ಷದ ಸದಸ್ಯರು ಬರದೇ ಉಳಿದರೆ ಸರ್ಕಾರಕ್ಕೆ ಕುತ್ತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡಿತು. ಎರಡೂ ಸಂಖ್ಯೆಗಳನ್ನು ಕೂಡಿದರೆ 204 ಮಾತ್ರ. ಚುನಾಯಿತ ಶಾಸಕರೇ 224 ಇರುವ ಸದನದಲ್ಲಿ ಅಂದು ಸರ್ಕಾರವನ್ನು ಬೀಳಿಸಿದ್ದು ಸದನಕ್ಕೆ ಬರದೇ ಉಳಿದವರು. ಪಂಚಾಯಿತಿಯಲ್ಲಿ ಇದು ತಿರುಗುಮುರುಗು. ಒಟ್ಟು ಸದಸ್ಯರ ಮೂರನೇ ಎರಡು ಎಂಬ ಲೆಕ್ಕ ಇರುವುದರಿಂದ ಬರದೇ ಉಳಿದ ಪ್ರತಿಯೊಬ್ಬರೂ ಅಧ್ಯಕ್ಷರ ಪರವಾಗಿ ಮತ ಹಾಕಿದಂತೆಯೇ. ಅಧ್ಯಕ್ಷರು ಹದಿನೇಳರಲ್ಲಿ ಹನ್ನೊಂದು ಜನರ ವಿಶ್ವಾಸ ಕಳೆದುಕೊಂಡಿದ್ದರೂ ಉಳಿದ ಆರು ಜನ ಮನೆಯಲ್ಲಿ ಕುಳಿತರೆ ಸಾಕು, ಅವರ ಕುರ್ಚಿ ಅಲುಗಾಡುವುದಿಲ್ಲ. ಸದಸ್ಯರನ್ನು ಪ್ರವಾಸದ ಹೆಸರಿನಲ್ಲಿ ಕರೆದೊಯ್ದು ಸಭೆಯ ದಿನವೇ ನೇರವಾಗಿ ಕಚೇರಿಗೆ ತಂದು ಇಳಿಸುವುದು ಏಕೆ, ಅಧ್ಯಕ್ಷರ ಕಡೆಯವರು ಹಿಂದಿನ ರಾತ್ರಿ ಒಬ್ಬಿಬ್ಬರ ಮನೆ ಬಾಗಿಲು ತಟ್ಟುವುದು ಏಕೆ ಎಂಬುದಕ್ಕೆಲ್ಲ ಈ ಗಣಿತದಲ್ಲಿ ಉತ್ತರ ಇದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ (ವಿಪ್) ಇಲ್ಲ, ಪಕ್ಷಾಂತರ ನಿಷೇಧದ ಭಯವೂ ಇಲ್ಲ. ಹಿಡಿದಿಡುವ ಒಂದೇ ಸೂತ್ರ ಮಾತು ಮತ್ತು ಮುಲಾಜು.

ಈ ಹೋಲಿಕೆಯನ್ನು ನಾನು ಮನೆಗೆ ಬಂದ ಮೇಲೆ ಮಾಡಿಕೊಂಡೆ; ಶಿಬಿರದಲ್ಲಿ ಇದನ್ನು ಹೇಳಲಿಲ್ಲ. ಹೇಳಲಿಲ್ಲವಷ್ಟೇ ಅಲ್ಲ, ಕೈಗೆ ಕೊಟ್ಟ ಪುಸ್ತಿಕೆಯ ಒಂದು ಪುಟ ವಿಷಯವನ್ನು ಕಲಸುಮೇಲೋಗರ ಮಾಡಿಬಿಟ್ಟಿದೆ. 'ಅವಿಶ್ವಾಸದಿಂದ ಬಿದ್ದ ಸರ್ಕಾರಗಳು' ಎಂಬ ಶೀರ್ಷಿಕೆಯ ಕೆಳಗೆ 1997ರ ಎಚ್.ಡಿ. ದೇವೇಗೌಡರ ಸರ್ಕಾರವನ್ನೂ, 1999ರ ಏಪ್ರಿಲ್ 17ರಂದು 269–270ರಲ್ಲಿ ಒಂದೇ ಮತದಿಂದ ಸೋತ ವಾಜಪೇಯಿ ಸರ್ಕಾರವನ್ನೂ ಸೇರಿಸಿದ್ದಾರೆ. ಇವೆರಡೂ ಅವಿಶ್ವಾಸ ಗೊತ್ತುವಳಿಗಳಲ್ಲ. ಬೆಂಬಲ ಕೊಟ್ಟಿದ್ದ ಪಕ್ಷ ಅದನ್ನು ಹಿಂಪಡೆದ ಮೇಲೆ ಪ್ರಧಾನಿಯೇ ಎದ್ದು ನಿಂತು ಸದನದ ವಿಶ್ವಾಸ ಕೋರಿದ ಗೊತ್ತುವಳಿಗಳು ಅವು. ಲೋಕಸಭೆಯ ಕಾರ್ಯವಿಧಾನ ನಿಯಮ 198ರ ಕೆಳಗೆ ವಿರೋಧ ಪಕ್ಷದವರು ತರುವ ಅವಿಶ್ವಾಸ ಗೊತ್ತುವಳಿ ಬೇರೆ. ಅದಕ್ಕೆ 50 ಸದಸ್ಯರ ಬೆಂಬಲ ಬೇಕು, ಅನುಮತಿ ಸಿಕ್ಕ ಮೇಲೆ 10 ದಿನಗಳೊಳಗೆ ಚರ್ಚೆಗೆ ಬರಬೇಕು. 1963ರ ಆಗಸ್ಟ್‌ನಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ವಿರುದ್ಧ ತಂದ ಮೊದಲ ಗೊತ್ತುವಳಿ 62–347ರಲ್ಲಿ ಸೋತಿತು. ಅಲ್ಲಿಂದ 2023ರ ಆಗಸ್ಟ್‌ನಲ್ಲಿ ಮಣಿಪುರದ ವಿಷಯವಾಗಿ ಬಂದ ಗೊತ್ತುವಳಿಯವರೆಗೆ ಒಂದೇ ಒಂದು ಅವಿಶ್ವಾಸ ಗೊತ್ತುವಳಿಯೂ ಲೋಕಸಭೆಯಲ್ಲಿ ಅಂಗೀಕಾರವಾಗಿಲ್ಲ. 1979ರಲ್ಲಿ ಮೊರಾರ್ಜಿ ದೇಸಾಯಿಯವರು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಕಾನೂನು ಕಲಿಸುವ ಪುಸ್ತಿಕೆಯಲ್ಲಿ ಈ ವ್ಯತ್ಯಾಸ ಇರಲೇಬೇಕು, ಏಕೆಂದರೆ ವಿಶ್ವಾಸ ಕೋರುವವರ ಮೇಲೆ ಬಹುಮತ ತೋರಿಸುವ ಹೊಣೆ ಬೀಳುತ್ತದೆ, ಅವಿಶ್ವಾಸ ತರುವವರಾದರೆ ಆ ಹೊಣೆ ಅವರದೇ. ಪಂಚಾಯಿತಿ ಅಧ್ಯಕ್ಷರು ತಾವಾಗಿ ವಿಶ್ವಾಸಮತ ಕೋರುವ ದಾರಿ ನಮ್ಮ ಕಾಯ್ದೆಯ 49ನೇ ಪ್ರಕರಣದಲ್ಲಿ ಇಲ್ಲ.

ಅದೇ ಪುಸ್ತಿಕೆಯಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದ ಪುಟ ಮಾತ್ರ ಅಚ್ಚುಕಟ್ಟಾಗಿದೆ. 1989ರ ಏಪ್ರಿಲ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು 19 ಶಾಸಕರು ಹಿಂಪಡೆದಿರುವರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ತಲುಪಿದವು. ಅವರಲ್ಲಿ ಏಳು ಮಂದಿ ತಮ್ಮ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ಸಿಗದೆ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಎಂದು ತೀರ್ಪು ಕೊಟ್ಟಿತು. ಇದನ್ನು ಪಂಚಾಯಿತಿಗೆ ಜೋಡಿಸಿ ತರಬೇತುದಾರರು ಹೇಳಿದ್ದು ಮನಸ್ಸಿಗೆ ನಾಟಿತು: ಸಹಿಯ ಕಾಗದದಿಂದ ಸಭೆ ಕರೆಯಬಹುದು, ಅಧ್ಯಕ್ಷರನ್ನು ಇಳಿಸಲು ಬರುವುದಿಲ್ಲ. ಒಂಬತ್ತು ಸಹಿ ಬಿದ್ದ ದಿನವೇ ಪಟಾಕಿ ಹೊಡೆದು ಅಧ್ಯಕ್ಷರ ಕೊಠಡಿಗೆ ಬೀಗ ಹಾಕುವ ಉತ್ಸಾಹಿಗಳು ಈ ಪುಟವನ್ನು ಓದಬೇಕು.

ಶಿಬಿರದ ದೊಡ್ಡ ಕೊರತೆಯನ್ನು ಈಗ ಹೇಳಬೇಕು. ಪ್ರಶ್ನೋತ್ತರದ ವೇಳೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ಸ್ವಾಮಿ, ಕಾರಣ ಬರೀಬೇಕೋ ಬೇಡವೋ, ಅದನ್ನ ಮೊದಲು ಹೇಳಿ" ಎಂದು ಕೇಳಿದರು. "ಒಂದನೇ ಉಪಪ್ರಕರಣದಲ್ಲಿ ಕಾರಣ ಬೇಕಾಗಿಲ್ಲ ಯಜಮಾನರೇ, ವಿಶ್ವಾಸ ಇಲ್ಲ ಎಂದರೆ ಸಾಕು" ಎಂಬ ಉತ್ತರ ಬಂತು. "ಹಾಗಾದ್ರೆ ಅಧ್ಯಕ್ಷರು ತಮ್ಮ ಮಾತು ಹೇಳೋದು ಎಲ್ಲಿ?" ಎಂದು ಅವರು ಮತ್ತೆ ಕೇಳಿದಾಗ, ಸಮಯ ಮೀರಿದೆಯೆಂದು ಮುಂದಿನ ವಿಷಯಕ್ಕೆ ಹೋದರು. ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅದಾಗಿತ್ತು. ನಿಯಮದ ಪ್ರಕಾರ ಉಪವಿಭಾಗಾಧಿಕಾರಿಗಳು ಗೊತ್ತುವಳಿಯನ್ನು ಓದಿ, ಚರ್ಚೆಗೆ ಅವಕಾಶ ಕೊಡದೆ ನೇರವಾಗಿ ಮತಕ್ಕೆ ಹಾಕಬೇಕು. ಅವರೂ ಅದರ ಗುಣಾವಗುಣಗಳ ಬಗ್ಗೆ ಮಾತನಾಡುವಂತಿಲ್ಲ. ಲೋಕಸಭೆಯಲ್ಲಿ 2023ರ ಗೊತ್ತುವಳಿಯ ಮೇಲೆ ಮೂರು ದಿನ ಚರ್ಚೆ ನಡೆಯಿತು, ಪ್ರಧಾನಿಯವರು ಉತ್ತರ ಕೊಟ್ಟರು, ದೇಶ ಕೇಳಿತು. ಪಂಚಾಯಿತಿಯಲ್ಲಿ ಅಧ್ಯಕ್ಷೆಯೊಬ್ಬರು ತಮ್ಮ ವಿರುದ್ಧದ ಅಸಮಾಧಾನ ಏನೆಂದು ಅಧಿಕೃತವಾಗಿ ಕೇಳದೆಯೇ, ಅದಕ್ಕೆ ಉತ್ತರಿಸದೆಯೇ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ. ದುರ್ನಡತೆಯ ಆರೋಪ ಇದ್ದರೆ ಸರ್ಕಾರವೇ ವಿಚಾರಣೆ ನಡೆಸಿ, ಹೇಳಿಕೆ ಪಡೆದು ತೆಗೆಯುವ ದಾರಿ 48ನೇ ಪ್ರಕರಣದಲ್ಲಿದೆ. ಆದರೆ ಅದು ದೀರ್ಘ ದಾರಿ ಎಂಬ ಕಾರಣಕ್ಕೇ ಆರೋಪವಿರುವಲ್ಲಿಯೂ ಸದಸ್ಯರು 49ಕ್ಕೆ ಬರುತ್ತಾರೆ.

ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿರುವ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಧ್ಯಕ್ಷ ಸ್ಥಾನ ಮೀಸಲಾಗಿ ಬರುವ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ ಇದೆ. ಉತ್ತರ ಪ್ರದೇಶದ ಸೀತಾಪುರ ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಮೀಸಲು ಸ್ಥಾನದಿಂದ ಬಂದವರ ವಿರುದ್ಧವೂ ಅವಿಶ್ವಾಸ ತರಬಹುದು, ಅದು ಪಂಚಾಯಿತಿಗಳ ಕುರಿತಾದ ಸಂವಿಧಾನದ ಒಂಬತ್ತನೇ ಭಾಗಕ್ಕೆ ವಿರುದ್ಧವಲ್ಲ ಎಂದು ಹೇಳಿದೆ. ಕಾನೂನು ಅಷ್ಟಕ್ಕೆ ನಿಲ್ಲುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಸಹಿ ಮಾಡುವ ಮುನ್ನ ಸಾಮಾನ್ಯ ಸಭೆಯಲ್ಲಿ ಅಸಮಾಧಾನವನ್ನು ಮಾತಿನಲ್ಲಿ ಮಂಡಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ, ಅಧ್ಯಕ್ಷರ ಉತ್ತರವನ್ನೂ ಬರೆಸಿಕೊಳ್ಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಇದನ್ನು ಶಿಬಿರದವರು ಒಂದು ಪ್ರತ್ಯೇಕ ಅವಧಿಯಾಗಿ ಕಲಿಸಬೇಕು. ಹುದ್ದೆಯಲ್ಲಿರುವ ಅಧ್ಯಕ್ಷರೂ ಉಪಾಧ್ಯಕ್ಷರೂ ಧೈರ್ಯವಾಗಿ ಬಂದು ಕುಳಿತುಕೊಳ್ಳುವಂತಹ ಶಿಬಿರ ಇದಾಗಬೇಕು. ನಾನು ಹೋದ ದಿನ ಸಭಾಂಗಣದಲ್ಲಿದ್ದ ಪಂಚಾಯಿತಿಯವರೆಲ್ಲ ಸದಸ್ಯರೇ, ಒಬ್ಬ ಅಧ್ಯಕ್ಷರೂ ಇರಲಿಲ್ಲ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮತ್ತು ಹಾಲಿನ ಡೇರಿಗಳ ನಿರ್ದೇಶಕರೂ ಕೆಲವರು ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೊನೆಯ ಕೆಲವು ನಿಮಿಷಗಳು. ಗುಜರಾತಿನ ಹಾಲು ಒಕ್ಕೂಟದ ಅಧ್ಯಕ್ಷರ ಪ್ರಕರಣದಲ್ಲಿ 2015ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನಾದರೂ ವಿವರಿಸಬಹುದಿತ್ತು. ಉಪನಿಯಮಗಳಲ್ಲಿ ಅವಕಾಶ ಬರೆದಿಲ್ಲದಿದ್ದರೂ ಚುನಾಯಿತ ಪದಾಧಿಕಾರಿಯ ಮೇಲಿನ ವಿಶ್ವಾಸವನ್ನು ಆಡಳಿತ ಮಂಡಳಿ ಹಿಂಪಡೆಯಬಹುದು ಎಂದು ಅಲ್ಲಿ ನ್ಯಾಯಾಲಯ ಹೇಳಿತು. ಅಧಿಕಾರ ವಹಿಸಿಕೊಂಡ ಎರಡು ವರ್ಷದೊಳಗೆ ಗೊತ್ತುವಳಿ ತರಬಾರದು, ಒಮ್ಮೆ ಸೋತರೆ ಇನ್ನೊಂದು ವರ್ಷ ತರಬಾರದು ಎಂಬ ಮಿತಿಗಳನ್ನೂ ಹಾಕಿತು. ಸಹಕಾರಿಗಳು ಸದ್ಯಕ್ಕೆ ಈ ಶಿಬಿರಕ್ಕೆ ಬಂದು ಪ್ರಯೋಜನ ಕಡಿಮೆ.

ಗೊತ್ತುವಳಿ ಗೆದ್ದ ಮೇಲೆ ಏನು ಎಂಬ ವಿಷಯವೂ ತೇಲಿಹೋಯಿತು. ಹನ್ನೆರಡು ಜನ ಒಬ್ಬರನ್ನು ಇಳಿಸಲು ಒಂದಾಗುತ್ತಾರೆ, ಮುಂದೆ ಯಾರು ಎಂದಾಗ ನಾಲ್ಕು ಗುಂಪಾಗುತ್ತಾರೆ. ಜರ್ಮನಿಯ ಸಂವಿಧಾನ ತನ್ನ 67ನೇ ವಿಧಿಯಲ್ಲಿ ಇದಕ್ಕೆ ಒಂದು ಉಪಾಯ ಮಾಡಿದೆ: ಹೊಸ ನಾಯಕರನ್ನು ಬಹುಮತದಿಂದ ಆರಿಸದೆ ಹಳಬರನ್ನು ತೆಗೆಯುವಂತಿಲ್ಲ. 1972ರಲ್ಲಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ವಿಲ್ಲಿ ಬ್ರಾಂಟ್ ಅವರನ್ನು ತೆಗೆಯುವ ಯತ್ನ ಎರಡೇ ಮತಗಳ ಕೊರತೆಯಿಂದ ಸೋತಿತು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಇಳಿದರು, ಹೆಲ್ಮುಟ್ ಕೋಲ್ ಅದೇ ಮತದಾನದಿಂದ ಆ ಸ್ಥಾನಕ್ಕೆ ಬಂದರು. ನಮ್ಮ ಕಾಯ್ದೆಯಲ್ಲಿ ಅಂತಹ ವಿಧಾನ ಇಲ್ಲ. ಆದರೂ ನಮೂನೆ 1ಕ್ಕೆ ಸಹಿ ಹಾಕುವ ಮುನ್ನವೇ ಮುಂದಿನ ಹೆಸರನ್ನು ತಮ್ಮೊಳಗೆ ಒಪ್ಪಿಕೊಳ್ಳುವಂತೆ ಸದಸ್ಯರಿಗೆ ಹೇಳುವುದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಲ್ಕ ಸದಸ್ಯರ ಕೈಗೆಟುಕುವಷ್ಟೇ ಇತ್ತು, ಊಟ ಚೆನ್ನಾಗಿತ್ತು, ಹಿಂದಿನ ಸಾಲಿಗೆ ಹಲಗೆ ಕಾಣುತ್ತಿರಲಿಲ್ಲ. ಪಾಠ ಪೂರ್ತಿ ಕನ್ನಡದಲ್ಲಿತ್ತು, ಎರಡೂ ನಮೂನೆಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟಿದ್ದರು. ಮೊದಲ ಬಾರಿಗೆ ಆಯ್ಕೆಯಾದ ಸದಸ್ಯರಿಗೂ ಪಿಡಿಓ ಮತ್ತು ಕಾರ್ಯದರ್ಶಿಗಳಿಗೂ ನಾನು ಇದನ್ನು ಶಿಫಾರಸು ಮಾಡುತ್ತೇನೆ. ನ್ಯಾಯಾಲಯದಲ್ಲಿ ಈಗಾಗಲೇ ಪ್ರಕರಣ ನಡೆಸುತ್ತಿರುವವರು ವಕೀಲರನ್ನೇ ಕಾಣಬೇಕು. ಹೋಗುವವರು ತಮ್ಮ ಪಂಚಾಯಿತಿಯ ಒಟ್ಟು ಸದಸ್ಯರ ಸಂಖ್ಯೆ, ಖಾಲಿ ಸ್ಥಾನಗಳೇನಾದರೂ ಇದ್ದರೆ ಅವುಗಳ ವಿವರ, ಅಧ್ಯಕ್ಷ ಮತ್ತು ಉಪಾಧ್ಯಕ್ಷರು ಆಯ್ಕೆಯಾದ ದಿನಾಂಕ ಇಷ್ಟನ್ನು ಬರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಮತ್ತು ಆ ಹಿರಿಯ ಸದಸ್ಯರ ಎರಡನೇ ಪ್ರಶ್ನೆಯನ್ನು ಬೆಳಗಿನ ಅವಧಿಯಲ್ಲಿಯೇ ಕೇಳಿ.